ಹೂಂ ಎಂದ ತಪ್ಪಿಗೆ

ಫೆಬ್ರವರಿ ೯

ನನ್ನ ಸೂಜಿಗೆ,

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದುಬಿಟ್ಟೆವು, ನಿನಗೊಂದು ಪತ್ರ ಬರೆಯುವ ಸಂದರ್ಭವೇ ಬರಲಿಲ್ಲ. ಮದುವೆಗೆ ಮುಂಚೆ ಬರೆಯಬಹುದಿತ್ತು, ಆಗ ನಿಮ್ಮಪ್ಪನ ಹೆದರಿಕೆ. ಈಗ ನಿಮ್ಮಪ್ಪನೂ ಇಲ್ಲ, ಹೆದರಿಕೆಯೂ ಇಲ್ಲ, ಶುರುಮಾಡಿಯೇ ಬಿಡೋಣ ಎಂದು ಕೂತಿದ್ದೇನೆ. ವಿಷಯ ಇಷ್ಟೇ: ಇನ್ನು ಮೇಲೆ ಫೋನು ಬೇಡ.

ಕೋಪ ಮಾಡಿಕೊಳ್ಳಬೇಡ. ಭಾನುವಾರ ಬೆಳಗಾದರೆ ಕೆಳಗಿನ ಮನೆಗೆ ಇಳಿದು, ತಂಗಿಯ ಫೋನಿನ ಮುಂದೆ ಕಾದು ಕೂತು, ನೀನು ಮಾಡಿದಾಗ ಎತ್ತಿದರೆ ಕೇಳುವುದೇನು? ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣದ ಸದ್ದು. ಆ ದೂರದ ಹೊಲಿಗೆ ಕಾರ್ಖಾನೆಗೆ ಹೋದ ಮೇಲೆ ನೀನು ಗೊಣಗುವುದನ್ನು ಕಲಿತಿದ್ದೀಯ ಮಾರಾಯ್ತಿ. ಇಲ್ಲಿದ್ದಾಗ ಬೀದಿ ಕೊನೆಯ ಅಂಗಡಿಯವನಿಗೂ ಕೇಳುವ ಹಾಗೆ ನನ್ನನ್ನು ಬೈಯುತ್ತಿದ್ದವಳು ನೀನು! ಆ ದನಿ ಎಲ್ಲಿ ಹೋಯಿತು? ಹತ್ತಿರ ಯಾರಾದರೂ ನಿಂತಿರುತ್ತಾರೆಂದು ಸಂಕೋಚವೋ, ಅಥವಾ ನನ್ನ ಜೊತೆ ಮಾತಾಡುವುದೇ ಬೇಸರವೋ? ಕಾಗದದಲ್ಲಾದರೆ ನೀನು ಗೊಣಗಲಾರೆ. ಅಕ್ಷರ ಅಕ್ಷರವಾಗಿಯೇ ಇರುತ್ತದೆ.

ನೀನು ಹೋದ ಮೇಲೆ ಮುದ್ರಣಾಲಯಕ್ಕೆ ಹೊಸ ಯಂತ್ರ ಬಂದಿದೆ, ಆಗಲೇ ಕೆಲವು ತಿಂಗಳಾಯಿತು. ಹಳೆಯದು ಕೆಮ್ಮುತ್ತಿತ್ತು, ಇದು ಕಿರುಚುತ್ತದೆ. ನಾನು, ಪಕ್ಕದ ಯಂತ್ರ ನಡೆಸುವ ನಮ್ಮ ದಪ್ಪ, ಇಬ್ಬರೂ ಎದುರುಬದುರು ನಿಂತು ದಿನವೆಲ್ಲ ಹರಟೆ ಹೊಡೆಯುತ್ತೇವೆ. ಸದ್ದು ಹೊರಡಿಸಬೇಕಾಗಿಲ್ಲ, ತುಟಿ ಆಡಿಸಿದರೆ ಸಾಕು. ಬೆಳಗ್ಗೆ ಹೆಂಡತಿ ಅವನಿಗೆ ಏನೆಂದು ಮಂಗಳಾರತಿ ಮಾಡಿದಳು ಎಂಬಲ್ಲಿಂದ ಹಿಡಿದು ಎಲ್ಲ ನನಗೆ ಗೊತ್ತು.

ತಂಗಿ ಮಾತ್ರ ಮುನಿಸಿಕೊಂಡಿದ್ದಾಳೆ. ಅವಳು ಒಂದು ಕೇಳಿದರೆ ನಾನು ಇನ್ನೊಂದು ಹೇಳುತ್ತೇನಂತೆ, ಹಿಂದಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲವಂತೆ. ‘ಅತ್ತಿಗೆ ಹೋದ್ಮೇಲೆ ನಿನಗೆ ಮಂಕು ಬಡಿದಿದೆ ಕಣಣ್ಣಾ’ ಅನ್ನುತ್ತಾಳೆ. ಬಡಿದಿದ್ದರೆ ತಪ್ಪೇನು? ಮನೆಯಲ್ಲಿ ಒಬ್ಬಳಿರಬೇಕಾದ ಕಡೆ ಒಬ್ಬಳಿಲ್ಲ.

ನಿನ್ನನ್ನು ಒಂದು ವಿಷಯ ಕೇಳಬೇಕು ಎಂದು ನಾಲಿಗೆ ತುದಿಯಲ್ಲೇ ಇದೆ. ನೀನಾಗಿಯೇ ಹೇಳಲಿ ಎಂದು ಸುಮ್ಮನಿದ್ದೇನೆ.

ನಿನ್ನ,
ಮಸಿ

*

ಫೆಬ್ರವರಿ ೨೪

ಯಜಮಾನರಿಗೆ,

ಪತ್ರ ಸಿಕ್ಕಿತು. ಫೋನು ಬೇಡ ಎಂದಿದ್ದೀರಿ. ಸರಿ, ಬೇಡ.

ನಮ್ಮ ವಸತಿಯಲ್ಲಿರುವುದು ಒಂದೇ ಫೋನು, ನಡುಮನೆಯ ಗೋಡೆಗೆ. ಹೊರಗಿನವರು ಅದಕ್ಕೆ ಮಾಡುವಂತಿಲ್ಲ, ನಾವೇ ಮಾಡಬೇಕು. ಭಾನುವಾರ ಮೆಟ್ಟಿಲವರೆಗೂ ಸಾಲು. ಆ ಸಾಲಿನಲ್ಲಿ ನಿಂತು, ಹಿಂದಿನವರ ಕೈಲಿ ‘ಬೇಗ ಮುಗಿಸ್ರೀ’ ಅನ್ನಿಸಿಕೊಂಡು, ಕೊನೆಗೆ ನಿಮ್ಮಿಂದ ಎರಡು ‘ಹೂಂ’ ಕೇಳಿ ಇಡುವುದಕ್ಕಿಂತ ಇದೇ ವಾಸಿ. ಗೊಣಗುತ್ತೇನೆ ಎಂದಿರಿ. ನನ್ನ ಹಿಂದೆ ನಿಂತಿದ್ದ ಗುಂಡಿ ಹುಡುಗಿ (ಅಂಗಿಗಳಿಗೆ ಗುಂಡಿ ಹಾಕುವವಳು, ನನ್ನ ಕೋಣೆಯಲ್ಲೇ ಇದ್ದಾಳೆ) ಹೋದ ಸಲ ‘ಅಕ್ಕಾ, ಅಷ್ಟು ಕೂಗಿದ್ರೆ ಫೋನೇ ಬೇಡ, ನೇರವಾಗಿ ಕೇಳುತ್ತೆ’ ಎಂದು ನಕ್ಕಳು. ಇರಲಿ ಬಿಡಿ. ಬೇಡವಾದವರ ದನಿ ಗೊಣಗಾಟವಾಗಿಯೇ ಕೇಳುವುದು.

ಇಲ್ಲಿ ನನಗೆ ಹೊಸ ಹುಡುಗಿಯರ ಗುಂಪು ಕೊಟ್ಟಿದ್ದಾರೆ. ಅಂಗಿಗೆ ಕಾಲರ್ ಕೂರಿಸುವುದನ್ನು ಕಲಿಸುತ್ತಿದ್ದೇನೆ. ‘ಟೀಚರ್’ ಎನ್ನುತ್ತಾರೆ. ಮೊದಲ ದಿನ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಒಂದು ಕಪಾಟನ್ನೂ ಕೊಂಡೆ. ಬಟ್ಟೆಯನ್ನು ಎಷ್ಟು ದಿನ ಅಂತ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು.

ಏನೋ ಕೇಳಬೇಕು ಎಂದಿದ್ದೀರಿ. ಕೇಳಬೇಕಾದಾಗ ಕೇಳಲಿಲ್ಲ, ಈಗ ಕೇಳಿ ಏನು?

ಸೂಜಿ

*

ಮಾರ್ಚ್ ೧೨

ನನ್ನ ಮುನಿದ ಸೂಜಿಗೆ,

ಚುಚ್ಚುವುದು ನಿನ್ನ ಜಾತಕದಲ್ಲೇ ಇದೆ, ಚುಚ್ಚು. ಆದರೂ ನಿನ್ನ ಕೈಬರಹ ನೋಡಿ ಎಷ್ಟು ಹಿಗ್ಗಿದೆನೆಂದರೆ, ಮೆಟ್ಟಿಲ ಮೇಲೇ ನಿಂತು ಓದಿದೆ. ಮೇಲೆ ಹೋಗಿ ಇನ್ನೊಮ್ಮೆ ಓದಿದೆ. ನಿನ್ನ ದನಿ ಅದರಲ್ಲಿ ಪೂರಾ ಇದೆ. ಬೇಡವಾದವರು ಎಂದೆಲ್ಲ ಬರೆದದ್ದು ಮಾತ್ರ ಅನ್ಯಾಯ.

ಟೀಚರ್! ನಾನು ದಪ್ಪನಿಗೆ ಹೇಳಿದೆ, ದಪ್ಪ ಇಡೀ ಮುದ್ರಣಾಲಯಕ್ಕೆ ಹೇಳಿದ. ಇನ್ನು ನೀನು ಬಂದ ಮೇಲೆ ನಾವೆಲ್ಲ ಎದ್ದು ನಿಂತು ನಮಸ್ಕಾರ ಹೊಡೆಯಬೇಕು.

ಆದರೆ ಕಪಾಟು ಯಾಕೆ ಕೊಂಡೆ ಪುಣ್ಯಾತ್ಗಿತ್ತಿ? ಬೇಸಿಗೆ ಮುಗಿಯುವಷ್ಟರಲ್ಲಿ ನಿನ್ನ ಕರಾರು ಮುಗಿಯುತ್ತದೆ, ಬರುವಾಗ ಅದನ್ನು ತಲೆ ಮೇಲೆ ಹೊತ್ತು ತರುತ್ತೀಯಾ? ಅಲ್ಲೇ ಗುಂಡಿ ಹುಡುಗಿಗೆ ಕೊಟ್ಟು ಬಾ. ಇಲ್ಲಿ ನಿನ್ನ ಬಟ್ಟೆಯ ಕಪಾಟು ಹಾಗೇ ಇದೆ, ನಾನು ಅದರಲ್ಲಿ ಒಂದು ಕರವಸ್ತ್ರವನ್ನೂ ಇಟ್ಟಿಲ್ಲ. ಕಿಟಕಿಯ ಹತ್ತಿರ ನಿನ್ನ ಹೊಲಿಗೆ ಯಂತ್ರಕ್ಕೆ ಬೆಳಕು ಬರುವ ಹಾಗೆ ಮಂಚವನ್ನು ಆ ಕಡೆ ಸರಿಸಿದ್ದೇನೆ. ಸರಿಸುವಾಗ ಮಂಡಿ ಹಿಡಿದುಕೊಂಡಿತು, ಎಡಗಾಲು ಇನ್ನೂ ಕುಂಟುತ್ತಿದೆ, ಅದು ಬೇರೆ ಕಥೆ.

ನಾಲಿಗೆ ತುದಿಯಲ್ಲಿದ್ದದ್ದು ಇದೇ: ಯಾವ ದಿನ ಹೊರಡುತ್ತೀಯ? ಹೇಳಿಬಿಡು. ತಿಂಗಳು ಹೇಳಿದರೂ ಸಾಕು.

ಮಸಿ

*

ಮಾರ್ಚ್ ೨೮

ಯಜಮಾನರಿಗೆ,

ನಿಮ್ಮ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾವ ದಿನ ಹೊರಡುತ್ತೀಯ ಎಂದು ಕೇಳುತ್ತೀರಲ್ಲ, ಯಾವ ಬಾಯಲ್ಲಿ?

ಜನವರಿಯ ಕೊನೆಯ ಭಾನುವಾರ ನಾನು ಫೋನು ಮಾಡಿದ್ದೆ. ಹೊರಗೆ ಗಾಳಿ ಜೋರಿತ್ತು, ಸಾಲಿನಲ್ಲಿ ಹೆಚ್ಚು ಜನವಿರಲಿಲ್ಲ, ಅವತ್ತು ನಿಧಾನವಾಗಿ ಮಾತಾಡಿದೆ. ಕರಾರನ್ನು ಇನ್ನೆರಡು ವರ್ಷ ಮುಂದುವರಿಸಿ ಎಂದು ಕೇಳುತ್ತಿದ್ದಾರೆ ಎಂದೆ. ‘ಹೂಂ’ ಎಂದಿರಿ. ‘ಇರ್ಲಾ, ಬಂದ್ಬಿಡ್ಲಾ?’ ಎಂದೆ. ‘ಹೂಂ, ಹಾಗೇ ಮಾಡು’ ಎಂದಿರಿ. ಸರಿಯಾಗಿ ಕೇಳಿದಿರೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿದೆ: ‘ಇರ್ಲಾ ಹಾಗಾದ್ರೆ?’ ‘ಹೂಂ ಹೂಂ, ಆಯ್ತು, ಒಳ್ಳೇದಾಯ್ತು’ ಎಂದಿರಿ. ಒಳ್ಳೇದಾಯ್ತು! ಮರುದಿನ ವ್ಯವಸ್ಥಾಪಕಿಯ ಹತ್ತಿರ ಹೋಗಿ ರುಜು ಹಾಕಿದೆ.

ಆಮೇಲೆ ನೀವು ಫೋನೂ ಬೇಡ ಎಂದಿರಿ. ಅದನ್ನೂ ನುಂಗಿಕೊಂಡೆ. ಈಗ ಏನೂ ಆಗಿಲ್ಲವೆಂಬ ಹಾಗೆ ಮಂಚ ಸರಿಸಿದೆ, ಕಪಾಟು ಖಾಲಿ ಇದೆ ಎಂದು ಬರೆದರೆ ನಾನೇನು ತಿಳಿಯಬೇಕು? ಆಡಿದ ಮಾತಿಗೆ ನಿಲ್ಲಿ. ಇಲ್ಲವೇ ಆಡಲಿಲ್ಲ ಎಂದಾದರೂ ಹೇಳಿ.

ಸೂಜಿ

*

ಏಪ್ರಿಲ್ ೧೫

ಸೂಜಿಗೆ,

ನೀನು ಬರೆದದ್ದು ಸರಿಯೇ ಇರಬೇಕು. ನಾನು ಹೂಂ ಎಂದಿದ್ದರೆ ಎಂದಿದ್ದೇ. ಇರು. ಕೆಲಸ ಚೆನ್ನಾಗಿದೆ, ಹುಡುಗಿಯರು ಮರ್ಯಾದೆ ಕೊಡುತ್ತಾರೆ. ನನ್ನ ಚಿಂತೆ ಮಾಡಬೇಡ.

ಮಸಿ

*

ಮೇ ೨

ಯಜಮಾನರಿಗೆ,

ಇಷ್ಟೇನಾ? ನಾನು ಅಷ್ಟು ಉರಿದು ಬರೆದದ್ದಕ್ಕೆ ಬೆನ್ನಿಗೆ ಬೆನ್ನು ಹಾಕಿ ಮಲಗಿದ ಹಾಗೆ ಒಂದು ಚೂರು ಕಾಗದವೇ?

ಜಗಳಕ್ಕೆ ಬರುತ್ತೀರಿ ಎಂದುಕೊಂಡಿದ್ದೆ. ‘ನಾನು ಅನ್ನಲೇ ಇಲ್ಲ, ಸುಳ್ಳುಬುರುಕಿ’ ಎಂದು ಬೈದಿದ್ದರೂ ನನಗೆ ಅವತ್ತು ಊಟ ಸೇರುತ್ತಿತ್ತು. ನೀವು ಇರು ಎಂದರೆ ಇರುವುದಕ್ಕೆ ನಾನೇನು ಕೊಡೆಯಾ, ಮೂಲೆಯಲ್ಲಿ ಇಟ್ಟಲ್ಲೇ ಇರಲು?

ಏನು ನಡೆಯುತ್ತಿದೆ ಅಲ್ಲಿ? ಯಾರಾದರೂ ಇದ್ದಾರೆಯೇ? ಇದ್ದರೆ ಅದನ್ನಾದರೂ ನೇರವಾಗಿ ಬರೆಯಿರಿ.

ಸೂಜಿ

*

ಜೂನ್ ೬

ರೀ,

ಪತ್ರವಿಲ್ಲ. ದಿನಾ ಅಂಚೆಯವಳನ್ನು ಕೇಳಿ ಕೇಳಿ ಅವಳೇ ಈಗ ದೂರದಿಂದ ತಲೆ ಅಲ್ಲಾಡಿಸುತ್ತಾಳೆ.

ನೀವು ಬೇಡವೆಂದರೂ ನಿನ್ನೆ ಫೋನು ಮಾಡಿದೆ. ನಾದಿನಿ ಎತ್ತಿದಳು. ‘ಅಣ್ಣನಿಗೆ ಹುಷಾರಿಲ್ಲ ಅತ್ತಿಗೆ, ಆದ್ರೆ ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿದಾನೆ’ ಎಂದು ಅತ್ತಳು. ಏನಾಗಿದೆ ಎಂದರೆ ಬಾಯಿಬಿಡಲಿಲ್ಲ. ಹೇಳಬಾರದು ಎಂದು ಹೇಳಿದರೆ ಹೇಳಿದ ಹಾಗೇ ಅಲ್ಲವೇ? ಅಷ್ಟು ಹೇಳಿ ಉಳಿದದ್ದನ್ನು ನನ್ನ ತಲೆಗೆ ಬಿಟ್ಟಳು. ನನ್ನ ತಲೆ ಏನೇನು ಮಾಡುತ್ತದೆ ಎಂದು ನಿಮಗೆ ಗೊತ್ತು. ಮೊನ್ನೆ ಒಂದು ಅಂಗಿಗೆ ಕಾಲರನ್ನು ತಲೆಕೆಳಗಾಗಿ ಕೂರಿಸಿದೆ, ಹುಡುಗಿಯರೆಲ್ಲ ಟೀಚರನ್ನು ನೋಡಿ ನಕ್ಕರು.

ಯಾರಾದರೂ ಇದ್ದಾರೆಯೇ ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕಿ. ಕೋಪದಲ್ಲಿ ಬಂದದ್ದು. ಬರೆಯಿರಿ. ಏನಾದರೂ ಸರಿ, ಬರೆಯಿರಿ.

ನಿಮ್ಮ ಸೂಜಿ

*

ಜೂನ್ ೨೦

ನನ್ನ ಸೂಜಿಗೆ,

ತಂಗಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಆಣೆ ಹಾಕಿಸಿದೆ ನೋಡು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹೂಂ ಎಂದೆ ಎಂದು ನೀನು ಬರೆದ ಆ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀನು ಸುಳ್ಳು ಹೇಳುವವಳಲ್ಲ. ನನಗೋ, ಆ ಮಾತು ನಡೆದದ್ದರ ನೆನಪು ಒಂದು ಎಳೆಯೂ ಇಲ್ಲ. ನೀನು ಫೋನು ಮಾಡಿದ್ದು ನೆನಪಿದೆ, ಗಾಳಿಯೋ ಏನೋ ಮೊರೆಯುತ್ತಿದ್ದದ್ದು ನೆನಪಿದೆ, ನಿನ್ನ ಬರಿಯ ದನಿಯೇ ಸಾಕು ಎಂದು ಹೂಂಗುಟ್ಟುತ್ತ ಕೂತದ್ದೂ ನೆನಪಿದೆ. ಇರಲಾ ಬರಲಾ ಎಂದು ನೀನು ಕೇಳಿದ್ದು ಮಾತ್ರ ಇಲ್ಲವೇ ಇಲ್ಲ. ಅಂಥ ಮಾತನ್ನು ಮರೆತವನು ಇನ್ನೇನನ್ನು ಮರೆಯಲಾರ? ಆಸ್ಪತ್ರೆಗೆ ನಡಿ ಎಂದು ತಂಗಿ ಬಹಳ ದಿನದಿಂದ ಗಂಟುಬಿದ್ದಿದ್ದಳು. ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ನಾನೇ ಮುಂದಾಗಿ ಹೊರಟೆ.

ದೊಡ್ಡಾಸ್ಪತ್ರೆ, ಮಿದುಳಿನವರದ್ದು ಮೂರನೇ ಮಹಡಿ. ಇಲ್ಲೆಲ್ಲ ಜ್ವರ ಹಬ್ಬಿದೆಯೆಂದು ಎಲ್ಲರೂ ಮೂಗು ಬಾಯಿ ಮುಚ್ಚಿ ಮಾಸ್ಕ್ ಹಾಕಿಕೊಂಡಿದ್ದರು. ದೊಡ್ಡ ಡಾಕ್ಟರು ಒಳ್ಳೆಯವರು, ಕಣ್ಣಲ್ಲೇ ನಗುತ್ತಾರೆ. ಹಿಂದೆ ಕಲಿಯುವ ಡಾಕ್ಟರುಗಳ ಒಂದು ದಂಡು. ಯಾವ ಕಾಲು ಎಂದು ಕೇಳಿದರು. ಎಡಗಾಲು ಎಂದೆ, ಮಂಡಿ ಮುಟ್ಟಿ ತೋರಿಸಿಯೂ ತೋರಿಸಿದೆ. ಅವರು ಬರೆದುಕೊಂಡರು. ಆಮೇಲೆ ಏನೋ ಅಂದು ‘ಏಳು, ಏಳು’ ಎಂದರು. ಎದ್ದು ನಿಂತೆ. ಕೈಸನ್ನೆ ಮಾಡಿ ಕೂರಿಸಿದರು. ಮತ್ತೆ ಏಳು ಎಂದರು, ಮತ್ತೆ ಎದ್ದೆ. ದಂಡಿನಲ್ಲಿದ್ದ ಒಬ್ಬಳು ಹುಡುಗಿ ಮುಖ ಆಚೆ ತಿರುಗಿಸಿಕೊಂಡಳು. ನಗು ತಡೆಯಲಿಕ್ಕೋ ಮರುಕಕ್ಕೋ ಕಾಣೆ.

ಹೊರಗೆ ಬಂದ ಮೇಲೆ ತಂಗಿ ಹೇಳಿದಳು. ಅವರು ಕೇಳಿದ್ದು ಇದು ಯಾವ ಕಾಲ, ಬೇಸಿಗೆಯೋ ಮಳೆಗಾಲವೋ ಎಂದಂತೆ. ನೂರರಿಂದ ಏಳು ಕಳೆಯಿರಿ, ಉಳಿದದ್ದರಿಂದ ಮತ್ತೆ ಏಳು ಕಳೆಯಿರಿ ಎಂದಂತೆ. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದಿದ್ದರಂತೆ, ನಾನು ಹೂಂ ಎಂದು ಸುಮ್ಮನೆ ಕೂತಿದ್ದೆನಂತೆ. ಆಮೇಲೆ ಆ ದೊಡ್ಡ ಡಬ್ಬಿಯೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ರಕ್ತ ತೆಗೆದರು. ಬೆನ್ನುಹುರಿಯ ನೀರೂ ತೆಗೆದರು. ಮಿದುಳು ಸ್ವಲ್ಪ ಸೊರಗಿದೆಯಂತೆ. ಕಿವಿಗೆ ಬಿದ್ದ ಮಾತು ತಲೆಯಲ್ಲಿ ಹೋಗಿ ಕೂರಬೇಕಾದ ಜಾಗವೇ ಸವೆದಿದೆ, ಅದಕ್ಕೇ ಒಂದು ಕೇಳಿದರೆ ಇನ್ನೊಂದು ಹೇಳುವುದು, ಮುಂದೆ ಹೆಸರು, ಮುಖ ಎಲ್ಲ ಹೋಗುತ್ತದೆ ಎಂದು ತಂಗಿಯ ಹತ್ತಿರ ಹೇಳಿದರಂತೆ. ಮಾತ್ರೆ ಕೊಟ್ಟಿದ್ದಾರೆ. ನುಂಗಿದರೆ ಮಧ್ಯಾಹ್ನವೆಲ್ಲ ತೂಕಡಿಕೆ.

ಮುದ್ರಣಾಲಯದ ಯಜಮಾನರು ಯಂತ್ರದ ಹತ್ತಿರ ಬಿಡುತ್ತಿಲ್ಲ. ಬೆರಳು ಹೋದರೆ ಯಾರು ಹೊಣೆ ಎನ್ನುತ್ತಾರೆ. ಅವರದ್ದೂ ತಪ್ಪಿಲ್ಲ. ದಪ್ಪ ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಅವನ ತುಟಿ ಅದುರಿದ್ದು ಮಾತಿಗೋ ಅಳುವಿಗೋ ಎಂದು ಮೊದಲ ಸಲ ನನಗೆ ತಿಳಿಯಲಿಲ್ಲ.

ಈಗ ಕೇಳು. ನೀನು ಬರಬೇಡ. ಜನವರಿಯಲ್ಲಿ ನಾನು ಹೂಂ ಎಂದದ್ದು ಒಳ್ಳೆಯದೇ ಆಯಿತು. ಇಲ್ಲಿಗೆ ಬಂದರೆ ಒಂದು ದಿನ ನಾನು ನಿನ್ನನ್ನೇ ನೋಡಿ ‘ಯಾರಮ್ಮಾ ನೀವು’ ಎಂದು ಕೇಳುತ್ತೇನೆ. ಅದನ್ನು ನೀನು ಕೇಳಬಾರದು. ನಿನ್ನನ್ನು ನೋಡಬೇಕೆಂದು ಎಷ್ಟು ಆಸೆಯಾಗುತ್ತದೆ ಎಂದರೆ, ಮಧ್ಯಾಹ್ನ ನಿನ್ನ ಕಪಾಟು ತೆರೆದು ಅದರ ಮುಂದೆ ಸುಮ್ಮನೆ ನಿಲ್ಲುತ್ತೇನೆ. ಆದರೂ ಬರಬೇಡ. ನಿನ್ನ ನೆನಪು ಇರುವಷ್ಟು ದಿನ ನಾನು ನೆನೆಸಿಕೊಳ್ಳುತ್ತೇನೆ, ಆಮೇಲೆ ನನಗೂ ಗೊತ್ತಾಗುವುದಿಲ್ಲವಲ್ಲ.

ನಿನ್ನ,
ಮಸಿ

*

ಜುಲೈ ೪

ರೀ ಮಸಿಯಪ್ಪನವರೇ,

ನಿಮಗೆ ಬುದ್ಧಿ ಇದೆಯೇನ್ರೀ? ಇದೆ, ಅದೇ ನನ್ನ ವಾದ.

ನಿಮ್ಮ ಪತ್ರವನ್ನು ಊಟದ ಮನೆಯಲ್ಲಿ ಒಡೆದೆ. ‘ಏಳು’ ಎಂದರೆ ನೀವು ಎದ್ದು ನಿಂತಿರಿ ಎಂಬಲ್ಲಿಗೆ ಬಂದಾಗ ನಗು ತಡೆಯಲಾಗಲಿಲ್ಲ, ಇಡೀ ಊಟದ ಮನೆ ನನ್ನ ಕಡೆ ನೋಡಿತು. ಅಲ್ಲಿಂದ ಕೊನೆಯವರೆಗೆ ಅತ್ತೆ. ಗುಂಡಿ ಹುಡುಗಿ ನನ್ನ ತಟ್ಟೆ ತೊಳೆದಿಟ್ಟು, ಕೈಹಿಡಿದು ಕೋಣೆಗೆ ಕರೆತಂದಳು. ಅಲ್ಲಿ ಇನ್ನೊಮ್ಮೆ ಓದಿದೆ, ಎಲ್ಲ ಪತ್ರಗಳನ್ನೂ ತೆಗೆದು ಓದಿದೆ. ನಮ್ಮಪ್ಪನ ಹೆದರಿಕೆ ನಿಮಗೆ ನೆನಪಿದೆ. ಜನವರಿಯಲ್ಲಿ ಫೋನಿನಲ್ಲಿ ಮೊರೆದ ಗಾಳಿ ನೆನಪಿದೆ. ನಾದಿನಿ ಅಂದದ್ದು, ದಪ್ಪ ಅಂದದ್ದು, ನಾನು ಕಾಗದದಲ್ಲಿ ಚುಚ್ಚಿದ್ದು ಎಲ್ಲ ಇದೆ. ನೀವು ಮರೆತದ್ದೇನು? ಫೋನಿನಲ್ಲಿ ನಾನು ಹೇಳಿದ್ದು. ಮಾಸ್ಕ್ ಹಾಕಿಕೊಂಡವರು ಕೇಳಿದ್ದು. ಬೆನ್ನ ಹಿಂದಿನಿಂದ ತಂಗಿ ಕರೆದದ್ದು. ಮರೆತಿರೋ, ಮೊದಲೇ ಕೇಳಿಸಿರಲಿಲ್ಲವೋ?

ನೀವೇ ಬರೆದಿದ್ದೀರಿ, ದಪ್ಪನ ಜೊತೆ ತುಟಿ ನೋಡಿಯೇ ಹರಟುತ್ತೇನೆ ಎಂದು. ನಮ್ಮಲ್ಲೂ ಹಾಗೆಯೇ. ಹೊಲಿಗೆ ಯಂತ್ರಗಳು ಒಟ್ಟಿಗೆ ಓಡುವಾಗ ಮಾತು ಯಾರಿಗೂ ಕೇಳುವುದಿಲ್ಲ, ಕಾಣುತ್ತದೆ. ಮೊನ್ನೆ ಒಬ್ಬಳು ನೂಲಿನ ಧೂಳಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಏನೋ ಕೇಳಿದಳು, ನಾನು ಹೂಂ ಎಂದೆ. ಅವಳು ನನ್ನ ಕತ್ತರಿ ಎತ್ತಿಕೊಂಡು ಹೋದಳು. ನಿಮ್ಮ ಪತ್ರ ಓದಿದ ಮೇಲೆ ಅದು ಥಟ್ಟನೆ ಹೊಳೆಯಿತು. ಇಷ್ಟು ವರ್ಷ ಆ ಸದ್ದಿನಲ್ಲಿ ನಿಂತು ನಿಮ್ಮ ಕಿವಿ ಯಾವಾಗ ಕೈಕೊಟ್ಟಿತೋ, ಕಣ್ಣು ಅದರ ಕೆಲಸವನ್ನೂ ಮಾಡುತ್ತಿದೆ. ಎದುರು ಕೂತರೆ ನೀವು ಸರಿ. ನಾನು ಎದುರು ಇದ್ದಷ್ಟು ದಿನ ನಿಮಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಬೆನ್ನುಹುರಿಯ ನೀರು ತೆಗೆದರಂತೆ! ಅಯ್ಯೋ ದೇವರೇ. ಅಷ್ಟೆಲ್ಲ ತೆಗೆದವರು ಒಂದು ಚೀಟಿಯಲ್ಲಿ ‘ಇದು ಯಾವ ಕಾಲ’ ಎಂದು ಬರೆದು ತೋರಿಸಿದ್ದರೆ ಆಗುತ್ತಿರಲಿಲ್ಲ? ಯಾರೂ ನಿಮ್ಮ ಕಿವಿಯೊಳಗೆ ಬಗ್ಗಿ ನೋಡಲಿಲ್ಲವೇ? ನನ್ನದು ಬರೀ ಹುಚ್ಚು ಯೋಚನೆಯೂ ಇರಬಹುದು, ನಾನೇನು ಡಾಕ್ಟರಲ್ಲ. ಆದರೂ ಕಿವಿಯವರು ಅದೇ ಕಟ್ಟಡದಲ್ಲಿ ಎಲ್ಲೋ ಇರಬೇಕಲ್ಲ. ಹೋಗಿ. ಈ ಪತ್ರ ಮಡಚುವ ಮೊದಲೇ ಚಪ್ಪಲಿ ಮೆಟ್ಟಿಕೊಳ್ಳಿ.

ಮಿದುಳೇ ಸವೆದಿದ್ದರೂ ನನಗೇನಂತೆ? ‘ಯಾರಮ್ಮಾ ನೀವು’ ಎಂದರೆ ದಿನಾ ಬೆಳಗ್ಗೆ ಹೇಳುತ್ತೇನೆ, ನಾನು ನಿಮ್ಮ ಸೂಜಿ ಎಂದು. ಅದಕ್ಕೆ ಹೆದರಿ ನನ್ನನ್ನು ಇಲ್ಲಿ ಬಿಟ್ಟುಬಿಡುತ್ತೀರಾ?

ಒಂದು ಮಾತನ್ನು ನಾನೂ ಬಚ್ಚಿಟ್ಟಿದ್ದೆ. ಜನವರಿಯಲ್ಲಿ ಇರಲಾ ಎಂದು ಕೇಳಿದಾಗ ನೀವು ‘ಸಾಕು, ಬಾ’ ಎಂದು ಗದರಲಿ ಎಂದೇ ಕೇಳಿದ್ದು. ಕೆಲಸ ನನಗೆ ಇಷ್ಟ, ಸುಳ್ಳು ಹೇಳುವುದಿಲ್ಲ. ಟೀಚರ್ ಅನ್ನಿಸಿಕೊಂಡರೆ ಬೆನ್ನು ನೆಟ್ಟಗಾಗುತ್ತದೆ. ಆದರೆ ಸಂಜೆ ಯಂತ್ರಗಳು ನಿಂತ ಮೇಲೆ ಬೈಯಲು ಒಬ್ಬರೂ ಇಲ್ಲ.

ವ್ಯವಸ್ಥಾಪಕಿಯನ್ನು ಕೇಳಿದ್ದೇನೆ. ನನ್ನ ಹುಡುಗಿಯರಲ್ಲಿ ಒಬ್ಬಳು ನನ್ನ ಜಾಗಕ್ಕೆ ತಯಾರಾಗಿರುವುದರಿಂದ ಕರಾರು ಬಿಡಬಹುದು ಎಂದಿದ್ದಾಳೆ. ಆದರೆ ಒಮ್ಮೆ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ನಾನಾಗಿ ಬರುವುದಿಲ್ಲ ರೀ. ಬರಬೇಡ ಎಂದು ಬರೆದವರ ಮನೆಗೆ ಕರುಣೆಗೆಂದು ಬರುವವಳಲ್ಲ ನಾನು. ಕಿವಿ ತೋರಿಸಿಕೊಂಡು ಬರೆಯಿರಿ. ಮತ್ತೆ ಫೋನು ಮಾಡುತ್ತೇನೆ, ಮತ್ತೆ ಅದನ್ನೇ ಕೇಳುತ್ತೇನೆ. ಈ ಸಲ ಕೇಳಿಸಿಕೊಂಡು ಹೇಳಿ.

ನಿಮ್ಮ ಸೂಜಿ

*

ಜುಲೈ ೨೦

ನನ್ನ ಚಿನ್ನದ ಸೂಜಿಗೆ,

ಕಿವಿಯವರು ಎರಡನೇ ಮಹಡಿ! ಮಿದುಳಿನವರ ಕಾಲಡಿಯಲ್ಲೇ. ನಡುವೆ ಒಳ್ಳೆಯ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇದೆ, ಆದರೂ ಇಷ್ಟು ದಿನ ಯಾರೂ ನನ್ನನ್ನು ಒಂದು ಮಹಡಿ ಕೆಳಗೆ ಕಳಿಸಲಿಲ್ಲ.

ಅಲ್ಲಿ ಒಬ್ಬಳು ಡಾಕ್ಟರಮ್ಮ ಸಣ್ಣ ದೀಪ ಹಿಡಿದು ಬಲಗಿವಿಯೊಳಗೆ ನೋಡಿದಳು. ನೋಡಿದವಳು ‘ಅಯ್ಯಯ್ಯೋ’ ಎಂದಳಂತೆ, ತಂಗಿ ಹೇಳಿದ್ದು. ಹೊಸ ಯಂತ್ರ ಬಂದ ಮೇಲೆ ನಾವೆಲ್ಲ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು. ಸಂಜೆ ಹೊರಗೆಳೆದರೆ ಅರ್ಧ ಬರುತ್ತಿತ್ತು, ಅರ್ಧ ಒಳಗೇ. ಮರುದಿನ ಅದರ ಮೇಲೆ ಇನ್ನೊಂದು. ಅದರ ಮೇಲೆ ಗುಗ್ಗೆ ಕಟ್ಟಿ ಎರಡೂ ಕಿವಿ ಬಿರಡೆ ಹಾಕಿದ ಹಾಗೆ ಆಗಿತ್ತು. ಒಂದಷ್ಟು ದಿನ ಎಣ್ಣೆ ಬಿಡಿಸಿ, ಮೆತ್ತಗಾದ ಮೇಲೆ ಬಿಸಿನೀರು ಹಾಯಿಸಿ ತೆಗೆದರು. ತೆಗೆದದ್ದನ್ನು ತಟ್ಟೆಯಲ್ಲಿ ಹಾಕಿದಾಗ ನರ್ಸಮ್ಮ ಅಂದಳು: ‘ಇದರಲ್ಲಿ ಒಂದು ದಿಂಬು ಹೊಲೀಬಹುದಿತ್ತು.’ ಸೂಜಿ, ನನಗೆ ಕೇಳಿಸಿತು! ಅವಳೂ ಮಾಸ್ಕ್ ಹಾಕಿಕೊಂಡಿದ್ದಳು. ನನ್ನ ಬೆನ್ನ ಹಿಂದೆ ನಿಂತಿದ್ದಳು. ಆ ದಿಂಬಿನ ಮಾತು ಕೇಳಿ ನಾನು ಅತ್ತುಬಿಟ್ಟೆ, ಪಾಪ ಅವಳು ನೋವಾಯಿತೇನೋ ಎಂದು ಗಾಬರಿಯಾದಳು.

ಕಿವಿ ಪೂರ್ತಿ ಮೊದಲಿನಂತೆ ಆಗಿಲ್ಲ. ಇಷ್ಟು ವರ್ಷದ ಯಂತ್ರದ ಸದ್ದು ಅದರ ಪಾಲನ್ನು ತಿಂದಿದೆಯಂತೆ, ಮುಂದೆ ಕಿವಿಗೆ ಯಂತ್ರ ಬೇಕಾಗಬಹುದು ಎಂದರು. ಆದರೆ ಮನೆಯಲ್ಲಿ ಈಗ ಎಲ್ಲ ಕೇಳುತ್ತಿದೆ. ತಂಗಿ ಅಡುಗೆಮನೆಯಲ್ಲಿ ನನ್ನನ್ನು ಬೈಯುವುದೂ ಕೇಳುತ್ತಿದೆ. ಇಷ್ಟು ದಿನ ನನ್ನ ಹಿಂದೆಯೇ ನಿಂತು ಬಾಯಿಗೆ ಬಂದದ್ದು ಅನ್ನುತ್ತಿದ್ದಳು ಕಣೇ. ನಿನ್ನೆ ‘ಎಲ್ಲಾ ಕೇಳಿಸ್ತಿದೆ’ ಎಂದೆ, ಸೌಟು ಕೆಳಗೆ ಬಿಟ್ಟಳು.

ಮೂರನೇ ಮಹಡಿಗೂ ಹೋಗಿ ಬಂದೆ. ದೊಡ್ಡ ಡಾಕ್ಟರು ಅದೇ ಪ್ರಶ್ನೆಗಳನ್ನು ಕೇಳಿದರು. ಮಳೆಗಾಲ ಎಂದೆ. ನೂರರಿಂದ ಏಳೇಳು ಕಳೆಯುತ್ತ ಇಳಿದೆ, ಸಾಕು ಸಾಕು ಎನ್ನುವವರೆಗೂ ಕಳೆದೆ. ಅವರಿಗೆ ಬಹಳ ಖುಷಿಯಾಯಿತು. ದಂಡಿನ ಕಡೆ ತಿರುಗಿ ‘ನೋಡಿ, ಮಾತ್ರೆ ಚೆನ್ನಾಗಿ ಹಿಡಿಸಿದೆ’ ಎಂದರು. ನಿನ್ನ ಪತ್ರ ಬಂದ ದಿನದಿಂದ ನಾನು ಮಾತ್ರೆ ನುಂಗಿಯೇ ಇಲ್ಲ. ಕಿವಿಯ ವಿಷಯ ಹೇಳಿದೆ, ‘ಅದೂ ಒಳ್ಳೇದೇ ಆಯ್ತು’ ಎಂದು ಬೆನ್ನು ತಟ್ಟಿದರು. ತಲೆಯ ಚಿತ್ರದಲ್ಲಿ ಸೊರಗಿದೆ ಎಂದಿರಲ್ಲ ಸಾರ್ ಎಂದೆ. ಈ ವಯಸ್ಸಿಗೆ ಯಾರದ್ದು ತೆಗೆದರೂ ಅಷ್ಟು ಸೊರಗಿರುತ್ತದಂತೆ. ಆ ಮುಖ ತಿರುಗಿಸಿದ್ದ ಹುಡುಗಿ ಮಾತ್ರ ಬಾಗಿಲವರೆಗೆ ಬಂದು, ಮಾಸ್ಕ್ ಕೆಳಗೆಳೆದು, ‘ಕ್ಷಮಿಸಿ’ ಎಂದಳು. ನೀನೇನು ಮಾಡ್ತೀಯಮ್ಮ ಎಂದೆ.

ಬರಬೇಡ ಎಂದು ಬರೆದದ್ದು ನಿನ್ನ ಮೇಲಿನ ಆಸೆ ಕಡಿಮೆಯಾಗಿ ಅಲ್ಲ. ಅಷ್ಟು ನಿನಗೆ ಗೊತ್ತಿರಬೇಕು. ಭಾನುವಾರ ಫೋನಿನ ಮುಂದೆಯೇ ಕೂತಿರುತ್ತೇನೆ. ಕೇಳು.

ನಿನ್ನ,
ಮಸಿ

*

ಆಗಸ್ಟ್ ೮

ನನ್ನ ಸೂಜಿಗೆ,

ಅಂಚೆಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ನೀನು ಫೋನು ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಕೇಳಿಸಿತು. ಮೊದಲು ಅದನ್ನು ಹೇಳುತ್ತೇನೆ. ಎಲ್ಲವೂ ಕೇಳಿಸಿತು. ‘ರೀ’ ಎಂದೆಯಲ್ಲ, ಆ ಒಂದಕ್ಷರಕ್ಕೇ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ನಿನ್ನ ದನಿ ಹಾಗಿರುತ್ತದೆ ಎಂಬುದು ನನಗೆ ಮರೆತೇಹೋಗಿತ್ತು. ಅದೊಂದನ್ನು ಮಾತ್ರ ನಿಜವಾಗಿಯೂ ಮರೆತಿದ್ದೆ. ಊಟ ಆಯ್ತಾ ಎಂದು ನೀನು ಕೇಳಿದೆ. ನಿಮ್ಮ ಮಂಡಿ ಹೇಗಿದೆ ಎಂದೆ. ಹಿಂದೆ ಯಾರೋ ಬೇಗ ಎಂದದ್ದು, ನೀನು ‘ತಡೀರೀ, ನನ್ನ ಗಂಡನ ಹತ್ರ ಮಾತಾಡ್ತಿದೀನಿ’ ಎಂದು ಗದರಿದ್ದು, ಎಲ್ಲ ಕೇಳಿಸಿತು. ಆಮೇಲೆ ನೀನು ಕೇಳಿದೆ: ‘ವ್ಯವಸ್ಥಾಪಕಿಗೆ ಈ ವಾರ ಹೇಳ್ಬೇಕು. ಇರ್ಲಾ, ಬರ್ಲಾ?’

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಎಷ್ಟೋ ತಿಂಗಳಿಂದ ಮನಸ್ಸಿನಲ್ಲಿ ಹೇಳಿ ಹೇಳಿ ಸವೆದ ಮಾತು, ಗಂಟಲಲ್ಲೇ ಕೂತುಬಿಟ್ಟಿತು. ಅಳು ಬಂದರೆ ನನಗೆ ಸದ್ದು ಬರುವುದಿಲ್ಲ, ನಿನಗೆ ಗೊತ್ತಲ್ಲ, ನಮ್ಮಮ್ಮ ಹೋದಾಗಲೂ ಹಾಗೆಯೇ. ನೀನು ಎದುರು ಇದ್ದಿದ್ದರೆ ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ‘ಕೇಳಿಸ್ತಾ?’ ಎಂದೆ ನೀನು. ಕಾದೆ. ‘ಇನ್ನೂ ಕೇಳಿಸ್ತಿಲ್ವಾ?’ ಎಂದೆ. ಆಮೇಲೆ ಬಹಳ ಮೆಲ್ಲಗೆ, ಬಹುಶಃ ನಿನಗೆ ನೀನೇ ಅಂದುಕೊಂಡದ್ದು, ‘ಬಿಡಿ’ ಎಂದೆ. ಅಷ್ಟು ಮೆಲ್ಲಗೆ ಅಂದದ್ದೂ ಕೇಳಿಸಿತು ಕಣೇ. ಫೋನು ಇಟ್ಟುಬಿಟ್ಟೆ ನೀನು. ನಾನು ಮತ್ತೆ ಮಾಡೋಣವೆಂದರೆ ನಿಮ್ಮ ಆ ದರಿದ್ರ ಫೋನಿಗೆ ಮಾಡುವ ಹಾಗಿಲ್ಲ. ತಂಗಿ ಬಂದು ಹೆಗಲ ಮೇಲೆ ಕೈ ಇಟ್ಟಳು.

ಈ ಕಾಗದ ನಿನ್ನನ್ನು ಮುಟ್ಟುವಷ್ಟರಲ್ಲಿ ವಾರ ಕಳೆದಿರುತ್ತದೆ. ಅದಕ್ಕೇ ಬಾಗಿಲು ತೆರೆಯುವ ಮೊದಲೇ ಇಲ್ಲಿ ಬಂದು ನಿಂತು, ಮೊದಲ ತಂತಿ ನನ್ನದೇ ಕಳಿಸಿದೆ. ಗುಮಾಸ್ತರು ಕಾಗದ ನೋಡಿ, ಹಿಂದೆ ಮುಂದೆ ತಿರುಗಿಸಿ, ‘ಒಂದೇ ಪದಾನಾ? ಎಂಟು ಪದದವರೆಗೂ ಅದೇ ದರ, ಇನ್ನೂ ಏನಾದ್ರೂ ಸೇರಿಸಿ’ ಎಂದರು. ಏನು ಸೇರಿಸಲಿ ಎಂದು ಯೋಚಿಸಿದೆ. ನನಗೆ ಬೇರೆ ಯಾವ ಮಾತೂ ಬೇಕಾಗಿರಲಿಲ್ಲ. ‘ಉಳಿದ ಜಾಗಕ್ಕೂ ಅದನ್ನೇ ಹಾಕಿ’ ಎಂದೆ. ಅವರು ತಲೆ ಎತ್ತಿ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬಾಯಿಬಿಟ್ಟು ಒಂದೊಂದಾಗಿ ಓದುತ್ತ ಬರೆದುಕೊಂಡರು: ಬಾ, ಬಾ, ಬಾ, ಬಾ, ಬಾ, ಬಾ, ಬಾ, ಬಾ.

ಮಸಿ